ಮಲಗಿದವರ ಬಾಯಿಗೆ ನೀರು ಹೊಯ್ಯಬೇಡ

ತಮ್ಮಾ, ಅಪ್ಪನಿಗೆ ಲಕ್ವ ಹೊಡೆದ ಮೇಲೆ ನೀನು ಲ್ಯಾಪ್‌ಟಾಪ್ ಸಮೇತ ಊರಿಗೆ ಬಂದು ಕೂತಿದ್ದೀಯ. ಒಳ್ಳೆಯದಾಯಿತು. ಬಿಪಿ ನೋಡುವ ಮೆಷಿನ್, ಗಾಲಿಕುರ್ಚಿ, ಮಾತ್ರೆಗೆ ಖಾನೆ ಖಾನೆಯ ಡಬ್ಬಿ ಎಲ್ಲ ಜೋಡಿಸಿಟ್ಟಿದ್ದೀಯ. ಆದರೆ ಮೊನ್ನೆ ನಾನು ಬಂದಾಗ ಅಪ್ಪ ಮಂಚದ ಮೇಲೆ ಅಂಗಾತ ಮಲಗಿದ್ದರು, ನೀನು ಲೋಟ ಬಾಯಿಗಿಟ್ಟು ನೀರು ಕುಡಿಸುತ್ತಿದ್ದೆ. ಅವರು ಕೆಮ್ಮಿದರು. ನೆತ್ತಿಗೆ ಹತ್ತಿತು, ಯಾರೋ ನೆನೆಸಿಕೊಂಡರು ಅಂತ ನಿನ್ನ ಅತ್ತೆ ತಲೆ ತಟ್ಟಿದರು. ನಾಲ್ಕು ಜನರೆದುರು ಹೇಳುವುದು ಬೇಡ ಅಂತ ಸುಮ್ಮನಿದ್ದೆ. ಈಗ ಹೇಳುತ್ತೇನೆ, ಕೇಳು. ನೀರು ನೆತ್ತಿಗೆ ಹತ್ತುವುದಿಲ್ಲ ಮಾರಾಯ. ಅದು ಉಸಿರಿನ ದಾರಿಗೆ ಇಳಿಯುತ್ತದೆ.

ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ತಾಲ್ಲೂಕಿನಲ್ಲಿ ನರ್ಸಮ್ಮ ಅನ್ನಿಸಿಕೊಂಡು ಓಡಾಡಿದವಳು ನಾನು. ಲಕ್ವ ಹೊಡೆದವರ ಮನೆಯಲ್ಲಿ ಎಲ್ಲರ ಕಣ್ಣೂ ಕೈಕಾಲಿನ ಮೇಲೆ. ಬೆರಳು ಮಡಚಿದರಾ, ಹೆಜ್ಜೆ ಇಟ್ಟರಾ, ಎಣ್ಣೆ ತಿಕ್ಕುವವರು ಎಲ್ಲಿ ಸಿಗುತ್ತಾರೆ. ಗಂಟಲಿನ ಸುದ್ದಿ ಯಾರೂ ಎತ್ತುವುದಿಲ್ಲ. ಕೈಗೆ ಬಂದ ಸೋಲು ಕಣ್ಣಿಗೆ ಕಾಣುತ್ತದೆ, ನಾಲಿಗೆ ಗಂಟಲಿಗೆ ಬಂದದ್ದು ಕಾಣುವುದಿಲ್ಲ. ಲಕ್ವ ಹೊಡೆದವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಮೊದಲ ದಿನಗಳಲ್ಲಿ ನುಂಗುವ ತೊಂದರೆ ಇರುತ್ತದೆ. ಹೆಚ್ಚಿನವರಿಗೆ ಕೆಲವು ವಾರಗಳಲ್ಲಿ ಸರಿಹೋಗುತ್ತದೆ. ಅಷ್ಟರವರೆಗೆ ಕಾಪಾಡಿಕೊಳ್ಳುವುದೇ ದೊಡ್ಡ ಕೆಲಸ.

ಮೊದಲು ಜೊಲ್ಲಿನ ವಿಷಯಕ್ಕೆ ಬರುತ್ತೇನೆ. ನಮ್ಮ ಕಡೆ ಎಂಜಲು ಮುಸುರೆ ಅಂತ ಅದನ್ನು ದೂರ ಇಡುವುದಕ್ಕೇ ನೂರೆಂಟು ಶಾಸ್ತ್ರ. ಬಾಯೊಳಗೆ ಅದು ಇಲ್ಲದಿದ್ದರೆ ಮಾತ್ರ ಒಂದು ತುತ್ತು ಅನ್ನವೂ ಇಳಿಯುವುದಿಲ್ಲ. ಗಟ್ಟಿಮುಟ್ಟಾದವರಿಗೆ ದಿನಕ್ಕೆ ಅರ್ಧ ಲೀಟರಿನಿಂದ ಒಂದೂವರೆ ಲೀಟರಿನವರೆಗೆ ಜೊಲ್ಲು ಊರುತ್ತದೆ. ಅದರಲ್ಲಿ ನೂರಕ್ಕೆ 99 ಪಾಲು ನೀರೇ. ಉಳಿದ ಒಂದು ಪಾಲಿನಲ್ಲಿ ಕೆಲಸವೆಲ್ಲ ಇದೆ. ಅನ್ನದ ಪಿಷ್ಟವನ್ನು ಒಡೆಯುವ ಅಮೈಲೇಸ್, ತುತ್ತು ಜಾರಲೆಂದು ಲೋಳೆ, ಹುಳಿ ತಗ್ಗಿಸುವ ಕ್ಷಾರ, ಹಲ್ಲು ಸವೆಯದಂತೆ ಸುಣ್ಣದ ಅಂಶ, ರೋಗಾಣುಗಳನ್ನು ಅಡಗಿಸುವ ಸಾಮಗ್ರಿ. ಈ ಕೊನೆಯದನ್ನು ನೆನಪಿಟ್ಟುಕೊ, ಮುಂದೆ ಬೇಕಾಗುತ್ತದೆ.

ಇದನ್ನು ಊರಿಸುವ ದೊಡ್ಡ ಗ್ರಂಥಿಗಳು ಮೂರು ಜೊತೆ. ಕಿವಿಯ ಮುಂದೆ, ದವಡೆಯ ಕೆಳಗೆ, ನಾಲಿಗೆಯ ಅಡಿಯಲ್ಲಿ. ತುಟಿ, ಕೆನ್ನೆ, ಅಂಗುಳಿನಲ್ಲಿ ನೂರಾರು ಚಿಕ್ಕವು ಬೇರೆ. ಮೇಲಿನ ಎರಡನೇ ದವಡೆಹಲ್ಲಿನ ಎದುರು ಕೆನ್ನೆಯ ಒಳಮೈಗೆ ನಾಲಿಗೆ ಆಡಿಸಿ ನೋಡು, ಸಣ್ಣ ಗುಬುಟು ತಾಗುತ್ತದೆ. ಕಿವಿಯ ಮುಂದಿನ ಗ್ರಂಥಿಯ ಬಾಯಿ ಅದು. ಚಿಕ್ಕವನಿದ್ದಾಗ ನಿನಗೆ ಮಂಗನಬಾವು ಬಂದು ಕೆನ್ನೆ ಊದಿಕೊಂಡಿತ್ತಲ್ಲ, ಅದೇ ಗ್ರಂಥಿ. (ಮಂಗನ ಕಾಯಿಲೆಯಲ್ಲ. ಅದು ಕಾಡಿನ ಉಣುಗು ಕಚ್ಚಿ ಬರುವ ಬೇರೆಯೇ ಜ್ವರ.) ಹುಳಿ ತಿಂದರೆ ಚುರ್ರನೆ ನೋವು ಅಂತ ಅಳುತ್ತಿದ್ದೆ. ಹುಳಿ ನಾಲಿಗೆಗೆ ಸೋಕಿದ ಕೂಡಲೇ ಗ್ರಂಥಿ ಜೊಲ್ಲು ಹಿಂಡುತ್ತದೆ, ಬಾತ ಗ್ರಂಥಿ ಹಿಂಡಿದರೆ ನೋವಾಗದೆ ಇರುತ್ತದೆಯೇ.

ಹುಳಿಯಷ್ಟು ಜೋರಾಗಿ ಜೊಲ್ಲು ಕರೆಯುವ ರುಚಿ ಇನ್ನೊಂದಿಲ್ಲ. ಅಗಿಯುವ ಕೆಲಸ, ವಾಸನೆ ಇವೂ ಜೊಲ್ಲು ಕರೆಯುತ್ತವೆ. ರಷ್ಯಾದ ಪಾವ್ಲೋವ್ ನಾಯಿಗಳ ಜೊಲ್ಲು ಅಳೆದು, ಊಟದ ಸುಳಿವು ಸಿಕ್ಕರೂ ಸಾಕು, ಬಾಯಲ್ಲಿ ನೀರೂರುತ್ತದೆ ಎಂದು ತೋರಿಸಿದ. ನಮ್ಮ ಕಡೆ ಜೀರಿಗೆ ಮಿಡಿಯ ಭರಣಿ ತೆರೆದರೆ ಮುಗಿಯಿತು. ಅಪ್ಪನಿಗೆ ಉಪ್ಪಿನಕಾಯಿ ಬೇಡ ಎಂದಿದ್ದಾರೆ, ಬಿಪಿ ಇದೆ, ಸರಿ. ವಾಸನೆ ಬೇಡ ಎಂದಿಲ್ಲವಲ್ಲ. ಊಟಕ್ಕೆ ಕೂರಿಸಿದ ಮೇಲೆ ಭರಣಿಯ ಮುಚ್ಚಳ ತೆಗೆದು ಮೂಗಿನ ಹತ್ತಿರ ಒಮ್ಮೆ ಹಿಡಿ. ನಗಬೇಡ. ಒಣಗಿದ ಬಾಯಿಗೆ ತುತ್ತು ಇಟ್ಟರೆ ಅದು ಉಂಡೆಯಾಗುವುದಿಲ್ಲ, ಪುಡಿಪುಡಿಯಾಗಿ ಚೆದುರಿ ಎಲ್ಲೆಂದರಲ್ಲಿ ಅಂಟುತ್ತದೆ. ಜೊಲ್ಲೂರಿದ ಬಾಯಲ್ಲಿ ಅದೇ ಅನ್ನ ಒಟ್ಟಾಗಿ ಹಿಂದಕ್ಕೆ ಸರಿಯುತ್ತದೆ.

ಗ್ರಂಥಿಗಳಿಗೆ ಅಪ್ಪಣೆ ಕೊಡುವುದು ನರಗಳು. ಮನಸ್ಸು ನಿರಾಳವಾಗಿದ್ದರೆ ತೆಳುವಾದ ಜೊಲ್ಲು ಧಾರಾಳ. ಹೆದರಿಕೆಯಾದರೆ, ಸಿಟ್ಟು ಬಂದರೆ ಬಾಯಿ ಒಣಗಿ, ಇರುವಷ್ಟು ಜೊಲ್ಲೂ ಅಂಟಂಟಾಗುತ್ತದೆ. ಅದಕ್ಕೇ ಹೇಳುತ್ತೇನೆ, ಊಟದ ಹೊತ್ತಿಗೆ ಅವಸರ ಮಾಡಬೇಡ, ಗದರಬೇಡ. ಮೀಟಿಂಗ್ ಇದೆ ಅಂತ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಚಮಚ ತುರುಕುವುದಾದರೆ ಊಟವನ್ನು ಅರ್ಧ ಗಂಟೆ ಮುಂದಕ್ಕೆ ಹಾಕು. ಅಪ್ಪನೇನೂ ಓಡಿಹೋಗುವುದಿಲ್ಲ.

ಇನ್ನು ನುಂಗುವುದು. ಗಂಟಲಿನ ಉಬ್ಬಿನ ಮೇಲೆ ಬೆರಳಿಟ್ಟು ಉಗುಳು ನುಂಗು. ಉಬ್ಬು ಮೇಲಕ್ಕೂ ಸ್ವಲ್ಪ ಮುಂದಕ್ಕೂ ಜಿಗಿದು ಮತ್ತೆ ಕೆಳಗಿಳಿಯಿತಲ್ಲ? ಆ ಒಂದು ಜಿಗಿತದಲ್ಲೇ ನಮ್ಮ ಜೀವ ಇರುವುದು. ಗಂಟಲಲ್ಲಿ ಗಾಳಿಗೂ ಅನ್ನಕ್ಕೂ ಒಂದೇ ದಾರಿ, ಕೆಳಗೆ ಹೋಗಿ ಎರಡಾಗುತ್ತದೆ. ಮುಂದಿನದು ಶ್ವಾಸನಾಳ, ಹಿಂದಿನದು ಅನ್ನನಾಳ. ತುತ್ತು ಬಂತು ಅನ್ನುವಾಗ ಉಸಿರು ಒಂದು ಕ್ಷಣ ನಿಲ್ಲುತ್ತದೆ, ಅಂಗುಳಿನ ಮೆತ್ತನೆಯ ಭಾಗ ಮೇಲೇರಿ ಮೂಗಿನ ದಾರಿ ಕಟ್ಟುತ್ತದೆ, ಧ್ವನಿಪೆಟ್ಟಿಗೆ ಮೇಲೆದ್ದು ನಾಲಿಗೆಯ ಬುಡದ ಅಡಿಗೆ ಸೇರುತ್ತದೆ, ಅದರ ಮುಚ್ಚಳ ಹಿಂದಕ್ಕೆ ಬಾಗುತ್ತದೆ, ಒಳಗೆ ಧ್ವನಿತಂತುಗಳು ಕೂಡಿಕೊಳ್ಳುತ್ತವೆ. ತಾಳಗುಪ್ಪದ ರೈಲು ಬರುವಾಗ ಗೇಟು ಹಾಕಿದ ಹಾಗೆ, ತುತ್ತು ದಾಟಿದ ಮೇಲೆ ಗೇಟು ತೆರೆದು ಉಸಿರು ಮತ್ತೆ ಓಡಾಡುತ್ತದೆ. ಗಂಟಲಿನೊಳಗಿನ ಈ ಇಡೀ ಕೆಲಸ ಒಂದು ಸೆಕೆಂಡಿನೊಳಗೆ ಮುಗಿಯುತ್ತದೆ. ಮುಂದೆ 25 ಸೆಂಟಿಮೀಟರ್ ಉದ್ದದ ಅನ್ನನಾಳದಲ್ಲಿ ತುತ್ತು ಜಠರ ಸೇರಲು ಎಂಟು ಹತ್ತು ಸೆಕೆಂಡು. ಬಾಯೊಳಗಿರುವ ತನಕ ಮಾತ್ರ ನಮ್ಮ ಮಾತು ನಡೆಯುತ್ತದೆ, ಬೇಕಾದರೆ ನುಂಗು ಬೇಡವಾದರೆ ಉಗುಳು. ಗಂಟಲಿಗೆ ಇಳಿದದ್ದನ್ನು ಮಿದುಳಿನ ಬುಡವೇ ನಡೆಸುತ್ತದೆ. ಒಂದು ದಿನಕ್ಕೆ ಐದುನೂರು ಆರುನೂರು ಸಲ ನಾವು ನುಂಗುತ್ತೇವೆ, ಹೆಚ್ಚಿನ ಸಲ ಬರೀ ಉಗುಳನ್ನೇ. ನಿದ್ದೆಯಲ್ಲಿ ಜೊಲ್ಲೂ ಕಡಿಮೆ, ನುಂಗುವುದೂ ಕಡಿಮೆ.

ಲಕ್ವದಲ್ಲಿ ಈ ಲೆಕ್ಕ ತಪ್ಪುತ್ತದೆ. ಜಿಗಿತ ತಡವಾಗುತ್ತದೆ ಇಲ್ಲವೇ ಅರ್ಧಕ್ಕೇ ನಿಲ್ಲುತ್ತದೆ. ನೀರು ಮಾತ್ರ ಕಾಯುವುದಿಲ್ಲ, ಗೇಟು ಬೀಳುವ ಮೊದಲೇ ಇಳಿದುಬಿಡುತ್ತದೆ. ಎಲ್ಲರೂ ತಿಳಿದದ್ದಕ್ಕೆ ಉಲ್ಟಾ ಇದು. ನುಂಗಲು ಕಷ್ಟವಾದವರಿಗೆ ಅನ್ನ ಬೇಡ, ನೀರಾದರೂ ಕುಡಿಯಲಿ ಅನ್ನುತ್ತಾರೆ. ಅವರಿಗೆ ಎಲ್ಲಕ್ಕಿಂತ ಕಷ್ಟದ ವಸ್ತು ತೆಳ್ಳನೆಯ ನೀರು. ಅದರಲ್ಲೂ ಅಂಗಾತ ಮಲಗಿಸಿ ಹೊಯ್ದರೆ ನಾಲಿಗೆಗೆ ತಡೆದು ನಿಲ್ಲಿಸುವ ಅವಕಾಶವೇ ಇಲ್ಲ.

ಅಪ್ಪನನ್ನು ಪರೀಕ್ಷೆ ಮಾಡಬೇಕೇ? ಎಬ್ಬಿಸಿ ಕೂರಿಸಿ ಗಂಟಲಿನ ಮೇಲೆ ಬೆರಳಿಡು, ಬರೀ ಉಗುಳು ನುಂಗಲು ಹೇಳು, ಗಡಿಯಾರ ನೋಡು. ಅರ್ಧ ನಿಮಿಷದಲ್ಲಿ ಮೂರು ಸಲವಾದರೂ ಉಬ್ಬು ಪೂರ್ತಿ ಜಿಗಿಯಬೇಕು. ಆಗದಿದ್ದರೆ ಅನುಮಾನ. ಬಾಯಿ ಒಣಗಿದ್ದರೂ ಲೆಕ್ಕ ಕಡಿಮೆ ಬರುತ್ತದೆ, ಮೊದಲು ತುಟಿ ನಾಲಿಗೆ ಒದ್ದೆ ಮಾಡು. ಇನ್ನೂ ಕೆಲವು ಗುರುತುಗಳಿವೆ. ಕುಡಿದ ಮೇಲೆ ಕೆಮ್ಮು ಬರುತ್ತದೆಯೇ. ಮಾತಾಡಿಸಿದರೆ ಧ್ವನಿ ಗಂಟಲಲ್ಲಿ ನೀರು ನಿಂತ ಹಾಗೆ ಗೊಳಗೊಳ ಅನ್ನುತ್ತದೆಯೇ. ಸೋತ ಬದಿಯ ಕೆನ್ನೆಯಲ್ಲಿ ಅನ್ನ ಉಳಿದಿರುತ್ತದೆಯೇ. ಊಟಕ್ಕೆ ಮುಂಚೆಗಿಂತ ಎರಡರಷ್ಟು ಹೊತ್ತು ಹಿಡಿಯುತ್ತದೆಯೇ. ಬಾಯಿಯ ಅಂಚಿನಿಂದ ಜೊಲ್ಲು ಸುರಿಯುತ್ತದೆಯೇ. ಸುರಿದರೆ ಜೊಲ್ಲು ಹೆಚ್ಚಾಯಿತು ಅಂದುಕೊಳ್ಳಬೇಡ, ಊರುವುದು ಮಾಮೂಲಿನಷ್ಟೇ, ನುಂಗುವುದು ಕಡಿಮೆಯಾಗಿದೆ. ನಾಲ್ಕು ತಿಂಗಳ ಕೂಸಿಗೆ ಜೊಲ್ಲು ಸುರಿಯುವುದೂ ಬಹುಮಟ್ಟಿಗೆ ಹೀಗೇ. ಅದು ಕಲಿಯುತ್ತಿರುವುದು, ಇವರು ಮತ್ತೆ ಕಲಿಯಬೇಕಾದದ್ದು.

ಕೆಮ್ಮಿಲ್ಲ, ಹಾಗಾಗಿ ಭಯವಿಲ್ಲ ಅಂತಲೂ ತಿಳಿಯಬೇಡ. ಕೆಲವರಿಗೆ ಗಂಟಲಿನ ಸ್ಪರ್ಶವೇ ಮರಗಟ್ಟಿ, ನೀರು ಶ್ವಾಸಕೋಶಕ್ಕೆ ಇಳಿದರೂ ಕೆಮ್ಮು ಬರುವುದಿಲ್ಲ. ಆಗ ಎಷ್ಟೋ ಸಲ ಮೊದಲು ಸಿಗುವ ಸುಳಿವು ಜ್ವರ. ಹುಲಿಕಲ್ಲು, ಆಗುಂಬೆ ಸೀಮೆಯ ಮಳೆಗಾಲದಲ್ಲಿ ಜ್ವರ ಕೆಮ್ಮು ಬಂದರೆ ಥಂಡಿ ಅಂತ ಕಷಾಯ ಕಾಸಿ ಕೊಟ್ಟು ಕೂರುವವರೇ ಹೆಚ್ಚು. ಲಕ್ವವಾದವರಿಗೆ ಜ್ವರ ಬಂದರೆ, ಉಸಿರು ಬಿರುಸಾದರೆ, ಮಂಕು ಕವಿದರೆ ನ್ಯುಮೋನಿಯಾ ಇರಬಹುದು. ಕಷಾಯ ಒಲೆಯ ಮೇಲೇ ಇರಲಿ, ನೀನು ವಾಹನ ಹತ್ತು.

ಹೇಗೆ ಉಣಿಸಬೇಕು ಅಂದರೆ, ಮೊದಲು ನೆಟ್ಟಗೆ ಕೂರಿಸು. ಕುರ್ಚಿಯಾದರೆ ಉತ್ತಮ, ಮಂಚವಾದರೆ ಬೆನ್ನಿಗೂ ಸೋತ ಬದಿಗೂ ದಿಂಬು. ನೀನು ಎದುರಿಗೆ, ಅವರ ಕಣ್ಣಿನ ಮಟ್ಟಕ್ಕೆ ಕೂರು. ನಿಂತು ಕೊಟ್ಟರೆ ಅವರು ತಲೆ ಎತ್ತುತ್ತಾರೆ, ತಲೆ ಎತ್ತಿದರೆ ಉಸಿರಿನ ದಾರಿ ತೆರೆದುಕೊಳ್ಳುತ್ತದೆ. ಚಿಕ್ಕ ಚಮಚ, ಅರ್ಧ ತುಂಬಿಸಿದ್ದು. ಗಂಟಲ ಉಬ್ಬು ಮೇಲೆ ಹೋಗಿ ಇಳಿದದ್ದನ್ನು ನೋಡಿಯೇ ಮುಂದಿನ ತುತ್ತು. ಸೋತ ಕಡೆಯ ಕೆನ್ನೆಯಲ್ಲಿ ಏನಾದರೂ ಉಳಿದಿದೆಯೇ ಎಂದು ನಡುನಡುವೆ ಬಾಯಿ ತೆರೆಸಿ ನೋಡು. ಊಟವಾದ ಮೇಲೆ ಅರ್ಧ ಗಂಟೆ ಮಲಗಿಸಬೇಡ. ಉಣ್ಣುವಾಗ ಮಾತಾಡಿಸಬೇಡ, ಟಿವಿ ಬೇಡ. ಬಂದ ನೆಂಟರು ಬಾಗಿಲಲ್ಲಿ ನಿಂತು ಗುರುತು ಸಿಕ್ಕಿತಾ ಅಂತ ಕೇಳುವುದೂ ಬೇಡ.

ನಮ್ಮ ಅಡಿಗೆಮನೆಯಲ್ಲಿ ಮೋಸ ಮಾಡುವ ಪದಾರ್ಥಗಳು ಬಹಳ. ತಂಬುಳಿ, ಅಪ್ಪೆಹುಳಿ, ಸಾರು ಎಲ್ಲ ತೆಳ್ಳಗೆ. ಅನ್ನಕ್ಕೆ ಸಾರು ಸುರಿದು ಕಲಸಿದ್ದು, ಮಜ್ಜಿಗೆಗೆ ಹಾಕಿದ ಅವಲಕ್ಕಿ ಇನ್ನೂ ಕಷ್ಟ. ಬಾಯಿ ಅಗಳನ್ನು ಅಗಿಯುತ್ತಿರುವಾಗಲೇ ನೀರು ಮುಂದೆ ಓಡಿಬಿಡುತ್ತದೆ. ಹಲಸಿನ ತೊಳೆ ನಾರು, ಮೇಲಿಂದ ಜಾರು. ತೊಡೆದೇವು ಅಂಗುಳಿಗೆ ಅಂಟಿ ಕೂರುತ್ತದೆ. ಹಪ್ಪಳ ಚೂರುಚೂರು. ಇವನ್ನೆಲ್ಲ ಸದ್ಯಕ್ಕೆ ದೂರ ಇಡು. ನಯವಾಗಿ ಒಂದೇ ಹದದಲ್ಲಿರುವುದು ಬೇಕು. ಚೆನ್ನಾಗಿ ಬೆಂದು ಅರೆದ ಕುಚ್ಚಲಕ್ಕಿ ಗಂಜಿ, ಗಂಟಿಲ್ಲದ ಮಣ್ಣಿ, ಕಿವುಚಿ ಸೋಸಿದ ಬಾಳೆಹಣ್ಣು, ಗಟ್ಟಿ ಮೊಸರು. ತಂಬುಳಿ ಇಲ್ಲದೆ ಊಟವೇ ಅಲ್ಲ ಅನ್ನುವವರು ಅಪ್ಪ, ಗೊತ್ತು. ಒಂದೆಲಗವನ್ನು ಕಾಯಿಯ ಜೊತೆ ನುಣ್ಣಗೆ ರುಬ್ಬಿ, ಗಟ್ಟಿ ಮೊಸರಲ್ಲೇ ಕಲಸು, ಮಜ್ಜಿಗೆ ಹೊಯ್ಯಬೇಡ. ಎಷ್ಟು ಗಟ್ಟಿ ಇರಬೇಕು ಎಂಬುದನ್ನು ಮಾತ್ರ ತಜ್ಞರೇ ಹೇಳಬೇಕು, ಒಬ್ಬೊಬ್ಬರದು ಒಂದೊಂದು ಹದ.

ಗಂಜಿಯ ವಿಷಯದಲ್ಲಿ ಒಂದು ಸೂಕ್ಷ್ಮ ಇದೆ. ದೊಡ್ಡ ಬಟ್ಟಲಿನಿಂದ ಕೊಡುತ್ತಾ ಎಂಜಲಾದ ಚಮಚವನ್ನು ಮತ್ತೆ ಮತ್ತೆ ಅದ್ದಿದರೆ, ಜೊಲ್ಲಿನ ಅಮೈಲೇಸ್ ಬಟ್ಟಲಿಗಿಳಿದು ಅಲ್ಲೇ ಕೆಲಸ ಶುರು ಮಾಡುತ್ತದೆ. ಅರ್ಧ ಊಟವಾಗುವಷ್ಟರಲ್ಲಿ ಗಟ್ಟಿ ಇದ್ದ ಗಂಜಿ ನೀರಾಗಿರುತ್ತದೆ. ಮೊದಲ ಹತ್ತು ಚಮಚಕ್ಕೆ ಏನೂ ಆಗದೆ ಕೊನೆಯ ನಾಲ್ಕಕ್ಕೆ ಕೆಮ್ಮು ಬಂತು ಅಂದರೆ ಇದೂ ಒಂದು ಕಾರಣ ಇರಬಹುದು. ಸಣ್ಣ ಬಟ್ಟಲಿಗೆ ಸ್ವಲ್ಪ ಸ್ವಲ್ಪವೇ ಹಾಕಿಕೊ, ಅದು ಮುಗಿದ ಮೇಲೆ ಬೇರೆ ಬಟ್ಟಲು, ಬೇರೆ ಚಮಚ. ಎಂಜಲಿನ ಶಾಸ್ತ್ರ ಇಲ್ಲೊಂದು ಕಡೆ ನಿಜಕ್ಕೂ ಉಪಕಾರಕ್ಕೆ ಬಂತು ನೋಡು.

ಎಲೆ ಅಡಿಕೆಯ ಕವಳ ಕೇಳುತ್ತಾರೆ ಅಂದೆಯಲ್ಲ. ಕೇಳದೆ ಏನು, ಮೀಸೆ ಮೂಡಿದಾಗಿನಿಂದ ಸಂಚಿ ಸೊಂಟದಲ್ಲಿದ್ದವರು. ಅಡಿಕೆಯಲ್ಲಿ ಅರೆಕೋಲಿನ್ ಅಂತ ಒಂದು ವಸ್ತುವಿದೆ. ಜೊಲ್ಲಿನ ಗ್ರಂಥಿಗೆ ನರ ಕೊಡುವ ಅಪ್ಪಣೆಯನ್ನು ಅದು ತಾನೇ ಕೊಟ್ಟುಬಿಡುತ್ತದೆ. ಕವಳ ಹಾಕಿದ ಕೂಡಲೇ ಬಾಯಿ ತುಂಬಿಕೊಳ್ಳುವುದು ಅದಕ್ಕೆ. ಬೇಲಿಯ ಉಮ್ಮತ್ತದಲ್ಲಿರುವ ಅಟ್ರೋಪಿನ್ ಸರಿಯಾಗಿ ಇದರ ಎದುರಾಳಿ, ಬಾಯಿ ಬಣಬಣ ಒಣಗಿಸುತ್ತದೆ. ಆಪರೇಷನ್ ಹೊತ್ತಿಗೆ ಜೊಲ್ಲು ಆರಲೆಂದು ಆ ಜಾತಿಯ ಔಷಧಿ ಕೊಡುವುದುಂಟು. ಅಪ್ಪನ ಬಾಯಿ ಈಗ ಒಣಗಿದ ಹಾಗೆ ಅನ್ನಿಸುವುದಕ್ಕೆ ಇಷ್ಟು ವರ್ಷದ ಆ ರೂಢಿ ನಿಂತದ್ದೂ ಕಾರಣವಿದ್ದೀತು. ಹಾಗಂತ ಕುಟ್ಟಾಣಿಯಲ್ಲಿ ಕುಟ್ಟಿ ಕೊಡಲೇ ಅಂದರೆ, ಬೇಡ. ನಾಲಿಗೆಗೆ ಹಿಡಿತವಿಲ್ಲದವರ ಬಾಯಲ್ಲಿ ಅಡಿಕೆಯ ಚೂರು ಎತ್ತ ಹೋಗುತ್ತದೆ ಹೇಳಲಾಗದು, ಊರಿದ ಜೊಲ್ಲನ್ನು ನುಂಗುವುದೂ ಕಷ್ಟ, ಉಗುಳುವುದೂ ಕಷ್ಟ.

ಅಡಿಕೆಯ ಮಾತು ಬಂತು, ನಿನಗೂ ಒಂದು ಹೇಳಿಬಿಡುತ್ತೇನೆ. ನಿನ್ನ ಫೀಸು ಕಟ್ಟಿದ್ದು ರಾಶಿ ಇಡಿ, ಬೆಟ್ಟೆ ಮಾರಿದ ದುಡ್ಡು. ನನ್ನ ಬಳೆಯೂ ಅದರದ್ದೇ. 1939ರಲ್ಲಿ ಅಡಿಕೆ ಮಾರಾಟದ ಸಹಕಾರ ಸಂಘ ಮ್ಯಾಮ್‌ಕೋಸ್ ಹುಟ್ಟಿದ ಮೇಲೆ ಈ ಸೀಮೆಯ ಬೆಳೆಗಾರ ಬೆನ್ನು ನೆಟ್ಟಗೆ ಮಾಡಿಕೊಂಡದ್ದನ್ನು ನಾನೂ ಬಲ್ಲೆ. ಆದರೆ ಬಾಯಿ ನೋಡುವ ಕೆಲಸ ಮಾಡಿದವಳು ಬೇರೆ ಮಾತಾಡಲಾರೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಹೊಗೆಸೊಪ್ಪು ಇದ್ದ ಕವಳವನ್ನು ಮಾತ್ರವಲ್ಲ, ಹೊಗೆಸೊಪ್ಪಿಲ್ಲದ ಕವಳವನ್ನೂ ಬರೀ ಅಡಿಕೆಯನ್ನೂ ಕ್ಯಾನ್ಸರ್ ತರುವ ವಸ್ತುಗಳ ಸಾಲಿಗೆ ಸೇರಿಸಿತು. ಅದಕ್ಕಿಂತ ಮೊದಲೇ ಬರುವ ತೊಂದರೆ ಇನ್ನೊಂದು. ಕೆನ್ನೆಯ ಒಳಮೈ ಬಿಳಿಚಿ, ಗಟ್ಟಿಯಾಗಿ, ಬಾಯಿ ತೆರೆಯುವುದೇ ಕಡಿಮೆಯಾಗುತ್ತದೆ. ಮೂರು ಬೆರಳು ಉದ್ದಕ್ಕೆ ಒಂದರ ಮೇಲೊಂದಿಟ್ಟು ಬಾಯೊಳಗೆ ಹಿಡಿಸುತ್ತದೆಯೇ ನೋಡು. ಹಿಡಿಸದಿದ್ದರೆ ದಂತವೈದ್ಯರಲ್ಲಿಗೆ ಹೋಗು. ಬೆಳೆಯೋಣ, ಮಾರೋಣ, ಮದುವೆ ಮುಂಜಿಗೆ ತಟ್ಟೆಯಲ್ಲಿಟ್ಟು ಮರ್ಯಾದೆ ಮಾಡೋಣ. ಕಂಪ್ಯೂಟರ್ ಎದುರು ರಾತ್ರಿಯಿಡೀ ಪ್ಯಾಕೆಟ್ ಹರಿದು ಬಾಯಿಗೆ ಸುರಿದುಕೊಳ್ಳುವುದು ಯಾವ ಮರ್ಯಾದೆಯೂ ಅಲ್ಲ.

ಅಪ್ಪನ ಬಾಯಿ ಒಣಗುವುದಕ್ಕೆ ಮಾತ್ರೆಗಳೂ ಕಾರಣವಿರಬಹುದು. ಶೀತಕ್ಕೆ, ತುರಿಕೆಗೆ ಕೊಡುವ ಕೆಲವು, ಮೂತ್ರ ಹಿಡಿತಕ್ಕೆ ಬರಲೆಂದು ಕೊಡುವವು, ಖಿನ್ನತೆಗೆ ಕೊಡುವ ಕೆಲವು ಜೊಲ್ಲು ಆರಿಸುತ್ತವೆ. ನೀನಾಗಿ ನಿಲ್ಲಿಸಬೇಡ, ಡಾಕ್ಟರನ್ನು ಕೇಳು. ಮಾತ್ರೆ ನುಂಗಿಸುವುದರಲ್ಲೂ ಜಾಗ್ರತೆ ಬೇಕು. ಕೆಲವನ್ನು ಪುಡಿ ಮಾಡಬಹುದು, ಕೆಲವನ್ನು ಮಾಡಲೇಬಾರದು, ಅದನ್ನೂ ಕೇಳಿಕೊ. ಗದ್ದೆಗಿಳಿಯುವವರಿಗೆ ಇಲಿಜ್ವರಕ್ಕೆಂದು ಕೊಡುವ ಡಾಕ್ಸಿಸೈಕ್ಲಿನ್ ಇದೆಯಲ್ಲ, ಒಂದು ಗುಟುಕು ನೀರಲ್ಲಿ ನುಂಗಿ ಹಾಸಿಗೆಗೆ ಬಿದ್ದರೆ ಗಟ್ಟಿಮುಟ್ಟಾದ ಆಳಿನ ಅನ್ನನಾಳದಲ್ಲೂ ಅಂಟಿಕೊಂಡು ಹುಣ್ಣು ಮಾಡುತ್ತದೆ. ಅದಕ್ಕೆ ಲೋಟ ತುಂಬ ನೀರು, ಕೂತು ಕುಡಿಯಬೇಕು.

ಇನ್ನು ಬಾಯಿ ತೊಳೆಯುವುದು. ಊಟವೇ ಮಾಡಿಲ್ಲ, ಹಲ್ಲು ಯಾಕೆ ಉಜ್ಜುವುದು ಅನ್ನುತ್ತೀಯ. ಜೊಲ್ಲು ಕಡಿಮೆಯಾದ ಬಾಯಲ್ಲಿ ರೋಗಾಣು ಬೆಳೆಯುವುದೇ ಆಗ. ಆ ಉಗುಳೇ ರಾತ್ರಿ ಹೊತ್ತು ತಿಳಿಯದಂತೆ ಶ್ವಾಸಕೋಶಕ್ಕೆ ಇಳಿಯುವುದು. ದಿನಕ್ಕೆ ಎರಡು ಸಲ ಮೆತ್ತನೆಯ ಬ್ರಷ್, ಬಟಾಣಿಗಿಂತ ಕಡಿಮೆ ಪೇಸ್ಟ್, ತಲೆ ಸ್ವಲ್ಪ ಮುಂದಕ್ಕೆ ಬಾಗಿಸಿ. ಬಾಯಿ ಮುಕ್ಕಳಿಸಲಾಗದಿದ್ದರೆ ಒದ್ದೆ ಬಟ್ಟೆಯನ್ನು ಬೆರಳಿಗೆ ಸುತ್ತಿ ಹಲ್ಲು, ವಸಡು, ನಾಲಿಗೆ ಒರೆಸು. ಹಲ್ಲಿನ ಸೆಟ್ಟು ರಾತ್ರಿ ತೆಗೆದಿಡು. ತುಟಿಗೆ ತುಪ್ಪ ತೆಳ್ಳಗೆ ಸವರು. ಕಂಡವರೆಲ್ಲ ಬೇಸರದಲ್ಲಿ ಬಿಟ್ಟುಬಿಡುವ ಕೆಲಸ ಇದು, ನ್ಯುಮೋನಿಯಾ ತಡೆಯುವುದರಲ್ಲಿ ಇದರ ಪಾಲು ದೊಡ್ಡದು.

ಎಚ್ಚರ ಇಲ್ಲದವರ ಬಾಯಿಗೆ ಏನನ್ನೂ ಬಿಡಬಾರದು. ಮೂರ್ಛೆ ಬಿದ್ದವರಿಗೆ ಸೋಡಾ, ಫಿಟ್ಸ್ ಬಂದವರಿಗೆ ನೀರು, ಅಳುವ ಕೂಸಿನ ಮೂಗು ಹಿಡಿದು ಒಳಲೆಯಲ್ಲಿ ಹರಳೆಣ್ಣೆ, ಇವೆಲ್ಲ ನಮ್ಮವರು ಪ್ರೀತಿಯಿಂದಲೇ ಮಾಡುವುದು, ಅನಾಹುತವೂ ಅದರಿಂದಲೇ. ಕಡೆಗಾಲದವರಿಗೆ ತುಳಸಿ ನೀರು ಬಿಡುವುದನ್ನು ಬೇಡ ಅಂತ ಯಾರ ಮನೆಯಲ್ಲೂ ನಾನು ಹೇಳಿದವಳಲ್ಲ. ಹತ್ತಿಯನ್ನು ಆ ನೀರಲ್ಲಿ ಅದ್ದಿ ತುಟಿಗೆ, ನಾಲಿಗೆಗೆ ತಾಗಿಸಿ, ಚಮಚದಲ್ಲಿ ಬಿಡಬೇಡಿ ಅನ್ನುತ್ತಿದ್ದೆ. ಹೆಚ್ಚಿನವರು ಕೇಳುತ್ತಿದ್ದರು. ಪುರೋಹಿತರೂ ಒಪ್ಪಿದ್ದುಂಟು.

ಈ ವಾರದೊಳಗೆ ಅಪ್ಪನನ್ನು ಕರೆದುಕೊಂಡು ಹೋಗಿ ನುಂಗುವುದನ್ನು ಪರೀಕ್ಷೆ ಮಾಡಿಸು. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ಮೊದಲು ವಿಚಾರಿಸು. ನುಂಗುವುದನ್ನು ನೋಡುವವರು ವಾಕ್ ಶ್ರವಣ ತಜ್ಞರು, ಮಾತು ಸರಿಮಾಡುವವರೇ ಗಂಟಲಿನ ವ್ಯಾಯಾಮವನ್ನೂ ಕಲಿಸುತ್ತಾರೆ. ನಾಲಿಗೆಯನ್ನು ಅಂಗುಳಿಗೆ ಒತ್ತಿಸುವುದು, ತಲೆ ಯಾವ ಬದಿಗೆ ತಿರುಗಿಸಿ ನುಂಗಬೇಕು ಎಂಬುದು, ಇವನ್ನು ನಾನು ಬಾಯಲ್ಲಿ ಹೇಳಿ ಕಲಿಸುವಂತಿಲ್ಲ, ನೋಡಿದವರೇ ಹೇಳಬೇಕು. ಹೆಚ್ಚಿನ ಪರೀಕ್ಷೆ ಬೇಕಾದರೆ ಮೈಸೂರಿನಲ್ಲಿ 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ದೂರ ಅನ್ನಬೇಡ. ಹಿನ್ನೀರಿನಾಚೆಯ ತುಮರಿ ಕಡೆಯವರಿಗೆ ರಾತ್ರಿ ಲಾಂಚ್ ನಿಂತಿತು ಅನ್ನುವ ನೆವವಾದರೂ ಇತ್ತು, 2025ರ ಜುಲೈನಲ್ಲಿ ಹಿನ್ನೀರಿನ ಸೇತುವೆ ತೆರೆದ ಮೇಲೆ ಅವರಿಗೂ ಅದಿಲ್ಲ. ನಡುವೆ ಎಂದಾದರೂ ಬಾಯಿ ಮತ್ತೆ ವಾರೆಯಾದರೆ, ಮಾತು ತೊದಲಿದರೆ, ಕೈ ಕುಸಿದರೆ 108ಕ್ಕೆ ಫೋನ್ ಮಾಡು. ಗಾಡಿ ಬರುವವರೆಗೆ ನೀರಿಲ್ಲ, ಮಾತ್ರೆಯಿಲ್ಲ, ಒಂದು ಬದಿಗೆ ಹೊರಳಿಸಿ ಮಲಗಿಸು.

ಹೋಗುವಾಗ ಎಲ್ಲ ಮಾತ್ರೆಗಳನ್ನೂ ಚೀಟಿ ಸಮೇತ ಚೀಲಕ್ಕೆ ಹಾಕಿಕೊ. ಮನೆಯಲ್ಲಿ ಕೊಡುವ ಗಂಜಿಯನ್ನೇ ಒಂದು ಡಬ್ಬಿ ತುಂಬಿಸಿಕೊ, ಅಪ್ಪನ ಚಮಚವನ್ನೂ ಮರೆಯಬೇಡ. ಅವರು ಎದುರಿಗೆ ತಿನ್ನಿಸಿ ನೋಡುತ್ತಾರೆ. ಆಸ್ಪತ್ರೆ ಕ್ಯಾಂಟೀನಿನ ಉಪ್ಪಿಟ್ಟಿನಲ್ಲಿ ಅಪ್ಪ ಹೇಗೆ ನುಂಗುತ್ತಾರೆ ಅಂತ ಯಾರಿಗೂ ತಿಳಿಯುವುದಿಲ್ಲ.